ನಿಧಾನಮ್ಮನಿಗೊಂದು ಕಾಲೇಜು

ಮಾರ್ಚ್ 2

ಪ್ರೀತಿಯ ಪುಟ್ಟಿ,

ಈ ಮಾತನ್ನು ಬರೆಯದೆ ಬಿಟ್ಟುಬಿಡೋಣ ಎಂದುಕೊಂಡೇ ಹಾಳೆ ತೆಗೆದಿದ್ದೆ. ಕಾಲೇಜುಗಳ ಪಟ್ಟಿ, ಮಗಳ ಶೀತದ ಮಾತ್ರೆ, ಮರಳಿ ಬರುವ ಬಸ್ಸು, ಇಷ್ಟನ್ನೇ ಬರೆದು ಮುಗಿಸಬಹುದಿತ್ತು. ಆದರೆ ಉಳಿದದ್ದೆಲ್ಲ ಇದರ ಸುತ್ತಲೇ ತಿರುಗುತ್ತಿರುವಾಗ ಇದೊಂದನ್ನೇ ಬಿಟ್ಟು ಬರೆಯುವುದು ಹೇಗೆ? ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚಾಗುತ್ತಿದೆ.

ಮಗಳು ನಿನ್ನ ಮನೆಗೆ ಬಂದು ವಾರವಾಯಿತಷ್ಟೆ. ನಿನ್ನೆ ಫೋನಿನಲ್ಲಿ ಮಾತಾಡಿದ್ದು ಸ್ವಲ್ಪ ಹೊತ್ತು. ಅಷ್ಟರಲ್ಲಿ "ಚಿಕ್ಕಮ್ಮ ಹೇಳಿದ್ರು" ಎಂಬುದು ಎಷ್ಟು ಸಲ ಬಂತೆಂದರೆ, ಪಕ್ಕದಲ್ಲಿ ಪೇಪರ್ ಓದುತ್ತಿದ್ದ ನಿನ್ನ ಭಾವ, "ಆ ಕಡೆ ಇರೋದು ಮಗಳಾ, ನಾದಿನಿಯಾ?" ಎಂದರು. ನಾನು ನಗಲಿಲ್ಲ. ನೀನು ಅವಳನ್ನು 'ನಿಧಾನಮ್ಮ' ಎಂದು ಕರೆಯುತ್ತೀಯಂತೆ. ಅದಕ್ಕೆ ಅವಳೂ ನಗುತ್ತಾಳಂತೆ. ಇದೇ ಮನೆಯಲ್ಲಿ ನಾನು "ಬೇಗ ಬಾರೇ" ಎಂದರೆ ಬಾಗಿಲು ದಡಾರನೆ ಮುಚ್ಚಿಕೊಳ್ಳುವ ಹುಡುಗಿ ಅವಳು. ಆ ಹೆಸರು ನನಗೆ ಹಿಡಿಸಿಲ್ಲ. ದಯವಿಟ್ಟು ಬಿಡು.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಮ್ಮ ಒಪ್ಪಂದ ಇದೆಯಲ್ಲ: ಫೋನಿನಲ್ಲಿ ಊಟ, ಆರೋಗ್ಯ, ಬಿಸಿಲು, ಉಳಿದದ್ದು ಕಾಗದದಲ್ಲಿ. ಅಮ್ಮ ತೀರಿಕೊಂಡ ವರ್ಷ ಫೋನಿನಲ್ಲಿ ಕಿತ್ತಾಡಿ ತಿಂಗಳುಗಟ್ಟಲೆ ಮಾತು ಬಿಟ್ಟವರು ನಾವು. ಕಾಗದದಲ್ಲಾದರೆ ಒಬ್ಬರ ಮಾತು ಮುಗಿಯುವವರೆಗೆ ಇನ್ನೊಬ್ಬರು ಬಾಯಿ ಮುಚ್ಚಿಕೊಂಡಿರಲೇಬೇಕು.

ಈಗ ವಿಷಯಕ್ಕೆ ಬರುತ್ತೇನೆ. ಓದಿನಲ್ಲಿ ಅವಳು ಮೈಗಳ್ಳಿಯಲ್ಲ. ಆದರೆ ಪರೀಕ್ಷೆಯಲ್ಲಿ ಒಂದೊಂದು ಉತ್ತರವನ್ನೂ ಮತ್ತೆ ಮತ್ತೆ ತಾಳೆ ನೋಡುತ್ತ ಕೂರುತ್ತಾಳೆ. ಗಂಟೆ ಹೊಡೆದಾಗ ಕೊನೆಯ ಪುಟಗಳು ಖಾಲಿ. ಬರೆದದ್ದರಲ್ಲಿ ತಪ್ಪಿಲ್ಲ, ಬರೆಯದ್ದಕ್ಕೆ ಅಂಕವಿಲ್ಲ. ಹಾಗಾಗಿ ಹೋದ ವರ್ಷ ಮುಗಿದ ಪಿಯುಸಿಯಲ್ಲಿ ಎಲ್ಲದರಲ್ಲೂ ಅರವತ್ತರ ಆಸುಪಾಸು. ಈ ಅಂಕಕ್ಕೆ ಸಿಗುವ, ನಮ್ಮ ಕೈಗೆ ಎಟಕುವ ನಾಲ್ಕು ಕಾಲೇಜುಗಳ ಪಟ್ಟಿ ಇದರ ಜೊತೆಗಿದೆ. ನಿಮ್ಮ ಊರಿನಲ್ಲೇ ಇರುವುದರಿಂದ ನಿನ್ನನ್ನು ಕೇಳುತ್ತಿದ್ದೇನೆ. ಪಟ್ಟಿಯಲ್ಲಿರುವ ಕ್ರಮದಲ್ಲೇ ತೋರಿಸು.

ಹೊಟ್ಟೆಕಿಚ್ಚಿನ ಮಾತಿಗೆ ಉತ್ತರ ಬರೆಯಬೇಕಾಗಿಲ್ಲ.

ನಿನ್ನ,
ಅಕ್ಕ

*

ಮಾರ್ಚ್ 11

ಅಕ್ಕಾ,

ಉತ್ತರ ಬರೆಯಬೇಡ ಅಂದಮೇಲೆ ಬರೆಯದೆ ಇರುವುದಕ್ಕೆ ನಾನೇನು ನಿನ್ನ ಮಗಳೇ? ಹೊಟ್ಟೆಕಿಚ್ಚಂತೆ! ನಮ್ಮ ಮನೆಯಲ್ಲಿ ಅದರ ಗುತ್ತಿಗೆ ಇದ್ದದ್ದು ನನಗೆ. ನೀನು ಟೈ ಕಟ್ಟಿಕೊಂಡು ಇಂಗ್ಲಿಷ್ ಶಾಲೆಯ ಬಸ್ಸು ಹತ್ತುತ್ತಿದ್ದೆ. ನನ್ನ ಸರದಿ ಬರುವ ಹೊತ್ತಿಗೆ ಅಪ್ಪನ ಕೆಲಸ ಹೋಗಿತ್ತು, ನಾನು ಗಲ್ಲಿಯ ಕೊನೆಯ ಶಾಲೆಗೆ ನಡೆದು ಹೋದೆ. ನಿನ್ನ ಟೈ ಕದ್ದು ಬೆಕ್ಕಿಗೆ ಕಟ್ಟಿದ್ದು ಯಾರೆಂದು ಕೊನೆಗೂ ಪತ್ತೆಯಾಗಲಿಲ್ಲ ಅಲ್ಲವೇ? ಈಗ ಪತ್ತೆಯಾಯಿತು ಅಂದುಕೋ.

ಪಟ್ಟಿಯ ಮೊದಲನೆಯ ಕಾಲೇಜು: ಗಾಜಿನ ಕಟ್ಟಡ, ಒಳಗೆ ಮೀನಿನ ತೊಟ್ಟಿ. ಅಲ್ಲಿ ಕೂತ ಹೆಂಗಸು ಅಂಕ ಕೇಳುವ ಮೊದಲು "ಫಾದರ್ ಏನ್ಮಾಡ್ತಾರೆ?" ಎಂದು ಕೇಳಿದಳು. ಫೀಸಿನಲ್ಲಿ ಅರ್ಧ ರಿಯಾಯಿತಿ ಎಂದು ದೊಡ್ಡದಾಗಿ ಬರೆದಿದ್ದರು. "ಎರಡನೇ ವರ್ಷಾನೂ ಇರುತ್ತಾ?" ಎಂದೆ. "ಅದು ಪರ್ಫಾರ್ಮೆನ್ಸ್ ಮೇಲೆ" ಎಂದಳು. ಅಂದರೆ ಮೊದಲ ವರ್ಷ ಮೀನು ತೋರಿಸುವುದು, ಆಮೇಲೆ ಗಾಳ.

ಎರಡನೆಯದು ಅಗ್ಗ, ನಿಜ. ಆದರೆ ಅಲ್ಲಿ ಪಾಠ ಮಾಡುವ ಮೇಷ್ಟ್ರೊಬ್ಬರು ನನ್ನ ಹತ್ತಿರವೇ ಡ್ರೈವಿಂಗ್ ಕಲಿಯುತ್ತಿದ್ದಾರೆ. ಸ್ಟೀರಿಂಗ್ ಹಿಡಿದು ಬೆವರುತ್ತಿರುವ ಮನುಷ್ಯನ ಬಾಯಲ್ಲಿ ಸುಳ್ಳು ಬರುವುದಿಲ್ಲ. ಏರಿನಲ್ಲಿ ಗಾಡಿ ನಿಲ್ಲಿಸಿ ಕೇಳಿದೆ. "ಸೇರಿದವರಲ್ಲಿ ಅರ್ಧ ಜನ ಮುಗಿಸೋದೇ ಇಲ್ಲ. ಯಾಕೆ ಬಿಟ್ರಿ ಅಂತ ನಾವ್ಯಾರೂ ಕೇಳೋದೂ ಇಲ್ಲ. ಮೇಡಂ, ಗಾಡಿ ಹಿಂದಕ್ಕೆ ಹೋಗ್ತಿದೆ!" ಎಂದರು. ಮೂರನೆಯದಕ್ಕೂ ನಾಲ್ಕನೆಯದಕ್ಕೂ ಹೋಗಿ ಬಂದೆವು. ಮೂರನೆಯದರಲ್ಲಿ ಅವಳಿಗೆ ಬೇಕಾದ ವಿಷಯವೇ ಇಲ್ಲ. ನಾಲ್ಕನೆಯದರ ಕ್ಯಾಂಟೀನಿನಲ್ಲಿ ಒಂದು ತಾಸು ಕೂತೆವು. ಚೆನ್ನಾಗಿ ಪಾಠ ಮಾಡೋರು ಯಾರು ಎಂದರೆ ಒಬ್ಬ ಹುಡುಗನೂ ತನ್ನ ಮೇಷ್ಟ್ರ ಹೆಸರು ಹೇಳಲಿಲ್ಲ, ಎಲ್ಲರೂ ಹೊರಗಿನ ಟ್ಯೂಷನ್ನಿನವರ ಹೆಸರೇ ಹೇಳಿದರು. ಆ ಖರ್ಚು ನಿನ್ನ ಪಟ್ಟಿಯಲ್ಲಿಲ್ಲ.

ವಾಪಸ್ಸು ಬರುವಾಗ ನಿನ್ನ ಮಗಳು ದೊಡ್ಡ ರಸ್ತೆಯಲ್ಲೂ ಕಾರನ್ನು ಚೆನ್ನಾಗಿ ಓಡಿಸಿದಳು. ಮೂರು ಕನ್ನಡಿಯನ್ನೂ ನೋಡದೆ ಒಂದು ತಿರುವೂ ತೆಗೆದುಕೊಳ್ಳುವುದಿಲ್ಲ. ಹಿಂದೆ ಬಂದವರೆಲ್ಲ ಹಾರ್ನ್ ಹೊಡೆದು ಸುಸ್ತಾದರು.

ನಿನ್ನ ಪುಟ್ಟಿ

*

ಮಾರ್ಚ್ 19

ಪುಟ್ಟಿ,

ನಿನ್ನ ಕಾಗದದ ಕೊನೆಯ ಪ್ಯಾರಾವನ್ನು ನಾನು ನಮ್ಮ ಅಂಗಡಿಯಲ್ಲಿ ನಿಂತೇ ಓದಿದೆ. ಎದುರಿಗಿದ್ದವರು ಕೆಮ್ಮಿನ ಔಷಧಿ ಕೇಳುತ್ತಿದ್ದರು. ಎರಡು ಸಲ ಕೇಳಬೇಕಾಯಿತು.

ಅವಳು ಕಾರು ಓಡಿಸುತ್ತಾಳೆ! ಹೋದ ವರ್ಷವಿಡೀ "ಸ್ಕೂಟರ್ ಕಲಿಸ್ತೀನಿ ಬಾರೇ" ಎಂದು ನಾನು ಗೋಗರೆದೆ. "ಭಯ ಆಗುತ್ತಮ್ಮ" ಎಂದಳು. ಭಯ ರಸ್ತೆಯದ್ದೆಂದು ನಂಬಿದ್ದೆ. ಹಿಂದಿನ ಸೀಟಿನಲ್ಲಿ ಕೂರುವವಳ ಭಯವಿತ್ತೇನೋ. ನೀನು ದಿನಾ ಹೊಸಬರ ಪಕ್ಕದಲ್ಲಿ ಕೂರುವವಳು, ನಿನ್ನ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತದೆ. ಒತ್ತದೆ ಕೂರುವುದನ್ನು ನೀನು ಕಲಿತಿರುವೆ. ನಾನು ಕಲಿತಿಲ್ಲ. ಇದನ್ನು ಒಪ್ಪಿಕೊಳ್ಳುವಾಗಲೂ ನಿನ್ನ ಮೇಲೆ ಸಿಟ್ಟೇ ಬರುತ್ತಿದೆ, ಇದಕ್ಕೇನು ಹೇಳುತ್ತೀ?

ನಾಲ್ಕೂ ಆಗದಿದ್ದರೆ ನಮ್ಮ ಊರಿನ ದೊಡ್ಡ ಕಾಲೇಜಿದೆ. ಹೆಸರಿರುವ ಕಾಲೇಜು. ಅಂಕ ಸಾಲದವರಿಗೂ ಆಡಳಿತ ಮಂಡಳಿಯ ಸೀಟು ಸಿಗುತ್ತದೆ. ಫೀಸು ಜಾಸ್ತಿಯೇ, ಆದರೆ ಅಂಗಡಿಯಲ್ಲಿ ನನ್ನ ಪಾಲನ್ನು ಪಾಲುದಾರರಿಗೇ ಮಾರಿ ಅಲ್ಲೇ ಸಂಬಳಕ್ಕೆ ನಿಂತರೆ ಹೊಂದುತ್ತದೆ. ಮನೆಯಿಂದಲೇ ಓಡಾಡಬಹುದು, ಮನೆಯಲ್ಲೇ ಊಟ. ನಿನ್ನ ಭಾವ, "ಅವಳಿಗೇನು ಬೇಕು ಅಂತ ಕೇಳಿದ್ಯಾ?" ಎಂದರು. "ನೀವು ಕೇಳಿದ್ರಾ?" ಎಂದೆ. ಇಬ್ಬರೂ ಕೇಳಿರಲಿಲ್ಲ.

ಇನ್ನು ಸುತ್ತಾಡಿಸಿದ್ದು ಸಾಕು.

ಅಕ್ಕ

*

ಮಾರ್ಚ್ 29

ಅಮ್ಮ,

ಚಿಕ್ಕಮ್ಮ ಕಾಗದ ಬರೆಯೋದನ್ನ ನೋಡಿ ನಾನೂ ಬರೀತಿದ್ದೀನಿ. ಫೋನಿನಲ್ಲಿ ಹೇಳೋಕೆ ಹೋದರೆ ನೀನು ಪ್ರಶ್ನೆ ಕೇಳ್ತೀಯ, ಆಗ ನನಗೆ ಹೇಳಬೇಕಾದ್ದು ಮರೆತುಹೋಗುತ್ತೆ.

ಮೊನ್ನೆ ಕಾರಿನಲ್ಲಿ ಬರುವಾಗ ಒಂದು ಕೆರೆಯ ಹತ್ತಿರ ಜನ ಮೂರು ಕಾಲಿನ ಸ್ಟ್ಯಾಂಡ್ ಇಟ್ಟುಕೊಂಡು ಏನೋ ಅಳೀತಿದ್ದರು. ನಾನು ಗಾಡಿ ನಿಲ್ಲಿಸಿದೆ. ಅವರು ಪಕ್ಕದ ಸರ್ವೆ ಕಾಲೇಜಿನವರಂತೆ. ಜಾಗ ಅಳೆದು ನಕ್ಷೆ ಮಾಡೋದನ್ನ ಮೂರು ವರ್ಷ ಕಲಿಸ್ತಾರೆ. ಸಣ್ಣ ಕಾಲೇಜು, ಬಣ್ಣ ಕೂಡ ಉದುರಿದೆ. ಅಲ್ಲಿ ಎರಡನೇ ವರ್ಷದ ಹುಡುಗಿಯೊಬ್ಬಳು ನನಗೆ ಅಳತೆಯ ಪುಸ್ತಕ ತೋರಿಸಿದಳು. ಪ್ರತಿ ಅಳತೆಯನ್ನೂ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ತೆಗೀಬೇಕು. ಎರಡೂ ಸೇರದಿದ್ದರೆ ಮತ್ತೆ. ಅಲ್ಲಿ ಯಾರೂ ಅವಳಿಗೆ ಬೇಗ ಅನ್ನಲಿಲ್ಲ ಅಮ್ಮ.

ಸೀಟು ಕೊಡುವಾಗ ಅಂಕಕ್ಕೆ ಅರ್ಧ ಬೆಲೆ, ಉಳಿದರ್ಧ ಮೈದಾನದಲ್ಲಿ ಒಂದು ದಿನ ಕೆಲಸ ಮಾಡಿ ತೋರಿಸೋದಕ್ಕೆ. ಫೀಸು ಮೂರೂ ವರ್ಷ ಒಂದೇ. ಚಿಕ್ಕಮ್ಮ ಕೇಳಿ ಬರೆಸಿಕೊಂಡಿದ್ದಾರೆ. ಮೈದಾನದ ಪರೀಕ್ಷೆ ಏಪ್ರಿಲ್ 14ಕ್ಕೆ. ನೀನು ಬರ್ತೀಯಾ? ಬಂದರೆ ದೂರದಲ್ಲಿ ಕೂರಬೇಕಾಗುತ್ತೆ, ಹತ್ತಿರ ಬಿಡಲ್ಲ.

ಇದು ನಿನ್ನ ಪಟ್ಟಿಯಲ್ಲಿಲ್ಲ ಅಂತ ಗೊತ್ತು.

ನಿನ್ನ ಮಗಳು

*

ಏಪ್ರಿಲ್ 6

ಪುಟ್ಟಿ,

ನನಗೆ ಬೆನ್ನುನೋವು. ಬಗ್ಗುವುದಕ್ಕೆ ಆಗುತ್ತಿಲ್ಲ. ಮನೆಯಲ್ಲಿ ಕೈಗೊಬ್ಬರು ಬೇಕು. ಅವಳನ್ನು 12ನೇ ತಾರೀಖಿನ ಬಸ್ಸಿಗೆ ಕಳಿಸು. ಪಟ್ಟಿಯಲ್ಲಿಲ್ಲದ ಕಾಲೇಜಿನ ವಿಷಯ ಅವಳು ಬಂದ ಮೇಲೆ ನಿಧಾನವಾಗಿ ಮಾತಾಡಿದರಾಯಿತು.

ಅಕ್ಕ

*

ಏಪ್ರಿಲ್ 10

ಅಕ್ಕಾ,

ನಿನ್ನ ಬೆನ್ನಿನ ಬಗ್ಗೆ ಗಾಬರಿಯಾಗಿ ಕೂಡಲೇ ಫೋನ್ ಮಾಡಿದೆ. ಭಾವ ಎತ್ತಿದರು. "ನಿಮ್ಮಕ್ಕನಾ? ಭಾನುವಾರದಿಂದ ಸ್ಟೋರ್ ರೂಮಿಗೆ ಬಣ್ಣ ಹೊಡೀತಿದ್ದಾಳೆ. ಈಗಲೂ ಏಣಿ ಮೇಲೇ ಇದ್ದಾಳೆ, ಕರೀಲಾ?" ಎಂದರು. ಬೇಡ, ಊಟದ ಹೊತ್ತಿಗೆ ಮಾಡ್ತೀನಿ ಎಂದು ಇಟ್ಟೆ. ಏಣಿಯ ಮೇಲಿದ್ದವರನ್ನು ಬೆಚ್ಚಿಸಬಾರದು.

ಆಮೇಲೆ ಮಾಡಲಿಲ್ಲ. ಮಾಡಿದ್ದರೆ ನಮ್ಮ ಒಪ್ಪಂದ ಮುರಿಯುತ್ತಿತ್ತು.

ನಿನ್ನ ಕಾಗದವನ್ನು ಅವಳಿಗೆ ತೋರಿಸಿಲ್ಲ. ತೋರಿಸಿದರೆ ಮರುಮಾತಾಡದೆ ಚೀಲ ತುಂಬಿಕೊಂಡು ಬಂದುಬಿಡುತ್ತಾಳೆ, ಅದು ನಿನಗೂ ಗೊತ್ತು. ಗೊತ್ತಿದ್ದೇ ಬರೆದೆ ಎಂದು ಅನ್ನಲು ನನಗೆ ಮನಸ್ಸು ಬರುತ್ತಿಲ್ಲ.

ಅವಳು ನಿನ್ನನ್ನು ಬಿಟ್ಟು ನನ್ನ ಕಡೆ ಬಂದುಬಿಟ್ಟಳು ಎಂದು ನೀನು ಅಂದುಕೊಂಡಿರಬಹುದು. ಬಂದು ನನ್ನ ಅಡುಗೆಮನೆ ನೋಡು. ಒಂದೊಂದು ಡಬ್ಬಿಗೂ ಚೀಟಿ ಅಂಟಿಸಿ, ಹೆಸರು ಮುಂದೆ ಮಾಡಿ, ಹಳೆಯದು ಮುಂದೆ, ಹೊಸದು ಹಿಂದೆ ಎಂದು ಜೋಡಿಸಿದ್ದಾಳೆ. ನಾನು ಉಪ್ಪಿನ ಡಬ್ಬಿ ಅಡ್ಡಾದಿಡ್ಡಿ ಇಟ್ಟರೆ ಬಂದು ಸರಿಮಾಡಿ ಹೋಗುತ್ತಾಳೆ. ಇಷ್ಟು ವರ್ಷ ನನಗೆ ಬೇಕಾದ ಹಾಗೆ ಇದ್ದ ನನ್ನ ಮನೆಯಲ್ಲಿ ಈಗ ನೀನು ಓಡಾಡುತ್ತಿದ್ದೀಯ.

14ಕ್ಕೆ ಅವಳನ್ನು ಮೈದಾನಕ್ಕೆ ಕರೆದುಕೊಂಡು ಹೋಗುತ್ತೇನೆ. ಬೇಡವೆಂದರೆ ನೀನೇ ಫೋನ್ ಮಾಡಿ ಅವಳಿಗೆ ಹೇಳು. ನನ್ನ ಬಾಯಿಂದ ಹೇಳಿಸಬೇಡ.

ಪುಟ್ಟಿ

*

ಏಪ್ರಿಲ್ 17

ಅಕ್ಕಾ,

ನಿನ್ನ ಫೋನ್ ಬರಲಿಲ್ಲ. ಅದಕ್ಕೆ ಏನರ್ಥವೆಂದು ನಾನು ಕೇಳುವುದಿಲ್ಲ.

14ರ ಬೆಳಗ್ಗೆ ಅಳೆಯುವುದನ್ನು ಹೇಳಿಕೊಟ್ಟರು. ಆಮೇಲೆ ಮಕ್ಕಳನ್ನು ಕೆರೆಯ ಸುತ್ತ ಬಿಟ್ಟರು. ಒಂದು ಗೂಟದಿಂದ ಹೊರಟು, ಗೂಟದಿಂದ ಗೂಟಕ್ಕೆ ದೂರವನ್ನೂ ದಿಕ್ಕನ್ನೂ ಅಳೆಯುತ್ತ ಕೆರೆ ಸುತ್ತಿ ಮೊದಲನೆಯದಕ್ಕೇ ಮರಳಬೇಕು. ನಂತರ ಕಾಗದದ ಮೇಲೆ ಗೆರೆ ಎಳೆಯಬೇಕು. ಅಳತೆ ಸರಿಯಿದ್ದರೆ ಕೊನೆಯ ಗೆರೆ ಮೊದಲ ಚುಕ್ಕೆಯನ್ನು ಬಂದು ಮುಟ್ಟುತ್ತದೆ. ತಪ್ಪಿದ್ದರೆ ಬಾಯಿ ತೆರೆದುಕೊಂಡು ನಿಲ್ಲುತ್ತದೆ.

ಮಧ್ಯಾಹ್ನಕ್ಕೆ ಎಲ್ಲರೂ ಮುಗಿಸಿ ಊಟಕ್ಕೆ ಕೂತರು. ನಮ್ಮವಳು ಇನ್ನೂ ಆ ದಡದಲ್ಲಿ ಇರುವೆಯಷ್ಟು ಕಾಣುತ್ತಿದ್ದಳು. ನನ್ನ ಪಕ್ಕದಲ್ಲಿದ್ದ ಒಬ್ಬ ಅಪ್ಪ, "ಆ ಹುಡುಗಿ ಕಳೆದುಹೋದಳಾ?" ಎಂದ. "ಇಲ್ಲ, ಕೆರೆ ಕಳೆದುಹೋಗದ ಹಾಗೆ ನೋಡ್ಕೊತಿದ್ದಾಳೆ" ಎಂದೆ. ಬಾಯಲ್ಲಿ ಹಾಗಂದರೂ ಹಾರ್ನ್ ಹೊಡೆಯಬೇಕೆಂದು ಕೈ ತುರಿಸುತ್ತಿತ್ತು.

ಕೊನೆಗೆ ಬಂದಳು, ಗೆರೆ ಎಳೆದಳು. ಬೇರೆಯವರ ಕಾಗದದಲ್ಲಿ ಹೆಬ್ಬೆರಳು ತೂರುವಷ್ಟು ಸಂದು. ಇವಳದರಲ್ಲಿ ಒಂದು ಸಾಸಿವೆ ಕಾಳು. ಮೇಷ್ಟ್ರು ಕನ್ನಡಕ ಏರಿಸಿ ನೋಡಿ, "ಹೀಗೆ ತಾಳೆ ನೋಡೋದನ್ನ ಯಾರಮ್ಮ ಕಲಿಸಿದ್ದು?" ಎಂದರು.

ಬಿಸಿಲಿನಲ್ಲಿ ಛತ್ರಿ ಹಿಡಿದು ನಿಂತವಳು ನಾನು. ಡ್ರೈವಿಂಗ್ ಪಾಠಗಳನ್ನೆಲ್ಲ ರದ್ದು ಮಾಡಿ, ಎಲ್ಲಾ ಕಾಲೇಜು ಸುತ್ತಿಸಿದವಳು ನಾನು. ಅವಳು ಹೇಳಿದ್ದೇನು ಗೊತ್ತೇ? "ನಮ್ಮಮ್ಮನದು ಔಷಧಿ ಅಂಗಡಿ ಸಾರ್. ಕಪಾಟಿನಿಂದ ತೆಗೆಯುವಾಗ ಒಂದ್ಸಲ, ಕವರಿಗೆ ಹಾಕುವಾಗ ಒಂದ್ಸಲ, ಕೈಗೆ ಕೊಡುವಾಗ ಒಂದ್ಸಲ ನೋಡ್ತಾರೆ." ಅಕ್ಕಾ, ಇದರ ಮುಂದೆ ಬೆಕ್ಕಿಗೆ ಟೈ ಕಟ್ಟಿದ ದಿನದ ಹೊಟ್ಟೆಕಿಚ್ಚು ಏನೇನೂ ಅಲ್ಲ.

ಸೀಟು ಸಿಕ್ಕಿದೆ. ಒಂದು ತೊಡಕಿದೆ. ಹುಡುಗಿಯರಿಗೆ ಹಾಸ್ಟೆಲ್ ಇಲ್ಲ. ಹೊರಗೆ ಕೋಣೆ ಮಾಡಿದರೆ ಬಾಡಿಗೆಯೇ ಫೀಸಿಗಿಂತ ಹೆಚ್ಚಾಗುತ್ತದೆ. ನನ್ನ ಮನೆಯಲ್ಲಿದ್ದರೆ ಮಾತ್ರ ನಿಮ್ಮ ಕೈಗೆ ಎಟಕುತ್ತದೆ. ಮೂರು ವರ್ಷ. ಇದನ್ನು ಬರೆಯುವಾಗ ನನಗೆ ಎಷ್ಟು ಖುಷಿಯಾಗುತ್ತಿದೆ ಎಂಬುದನ್ನು ನಾನು ಮುಚ್ಚಿಟ್ಟರೂ ನೀನು ಕಂಡುಹಿಡಿಯುತ್ತೀಯ, ಅದಕ್ಕೇ ಹೇಳಿಬಿಟ್ಟೆ. ತಾಯಿಯ ಅಥವಾ ತಂದೆಯ ಸಹಿ ಜೂನ್ 15ರೊಳಗೆ ಕಾಲೇಜು ಸೇರಬೇಕು. ಅವಳನ್ನು ನಾಳೆಯ ಬಸ್ಸಿಗೆ ಕಳಿಸುತ್ತಿದ್ದೇನೆ. ಅರ್ಜಿ ಅವಳ ಚೀಲದಲ್ಲಿದೆ.

ಪುಟ್ಟಿ

*

ಜೂನ್ 8

ಪ್ರೀತಿಯ ಪುಟ್ಟಿ,

ಇಷ್ಟು ದಿನ ನಾನು ಬರೆಯಲಿಲ್ಲ, ನೀನೂ ಕೇಳಲಿಲ್ಲ. ಕೇಳದೆ ಇರುವುದು ನಿನಗೆಷ್ಟು ಕಷ್ಟವಾಗಿರಬಹುದೆಂದು ನನಗೆ ಗೊತ್ತು.

ಅವಳು ಬಂದ ದಿನವೇ ಅರ್ಜಿಯನ್ನು ಊಟದ ಮೇಜಿನ ಮೇಲಿಟ್ಟಳು. ಮೇ ತಿಂಗಳಿಡೀ ಅದು ಅಲ್ಲೇ ಇತ್ತು. ತಟ್ಟೆ ಹಾಕುವಾಗ ಸರಿಸುತ್ತಿದ್ದೆವು, ಊಟವಾದ ಮೇಲೆ ಮತ್ತೆ ನಡುವಿಗೆ. "ನಿನಗೆ ಎಲ್ಲಿಗೆ ಹೋಗಬೇಕು ಅಂತಿದೆ?" ಎಂದು ಕೊನೆಗೂ ಕೇಳಿದೆ. "ನೀನು ಹೇಳಿದ ಕಡೆ" ಎಂದಳು. ಇಷ್ಟು ವರ್ಷ ಅವಳ ಬಾಯಿಂದ ಆ ಮಾತು ಬರಲೆಂದೇ ಕಾದಿದ್ದೆ. ಬಂದಾಗ ಬೇಡವಾಯಿತು.

ನಮ್ಮ ಊರಿನ ದೊಡ್ಡ ಕಾಲೇಜಿಗೆ ಒಬ್ಬಳೇ ಹೋಗಿದ್ದೆ. ಬೇಕೆಂದೇ ನಿನ್ನ ಪ್ರಶ್ನೆಗಳನ್ನೇ ಕೇಳಿದೆ. ಎರಡನೆಯ ವರ್ಷದ ಫೀಸನ್ನು ಅವರು ಹೇಳಲಿಲ್ಲ. "ಪರೀಕ್ಷೆ ಪೂರ್ತಿ ಬರೆದು ಮುಗಿಸೋಕೆ ಆಗದ ಮಕ್ಕಳಿಗೆ ಏನು ಮಾಡ್ತೀರಿ?" ಎಂದೆ. ಅಲ್ಲಿದ್ದವರು ಪ್ರೀತಿಯಿಂದಲೇ ನಕ್ಕರು. "ಅಂಥವರು ನಮ್ಮಲ್ಲಿ ತುಂಬಾ ದಿನ ಉಳಿಯಲ್ಲ ಮೇಡಂ." ಹೊರಗೆ ಬಂದು ಸ್ಕೂಟರ್ ಹತ್ತಿದೆ. ಆ ಕಾಲೇಜನ್ನು ನಾನು ಆರಿಸಿದ್ದು ಯಾರಿಗಾಗಿ? ಅದರ ಗೇಟು ನಮ್ಮ ಅಂಗಡಿಯ ಬಾಗಿಲಿಗೆ ಕಾಣುತ್ತದೆ ಎಂಬುದು ನನಗೆ ಮೊದಲಿಂದಲೂ ಗೊತ್ತಿತ್ತಲ್ಲ.

ನಿನ್ನೆ ಭಾನುವಾರ. ಅವಳು ಮನೆಯನ್ನೇ ಅಳೆದು ನಕ್ಷೆ ಮಾಡುತ್ತೇನೆಂದು ಹೊರಟಳು. ಅವರಪ್ಪ, "ಬಾಡಿಗೆ ಮನೆ ಕಣೇ, ಸರಿಯಿಲ್ಲ ಅಂತ ಗೊತ್ತಾದ್ರೂ ಏನು ಮಾಡೋಕಾಗುತ್ತೆ?" ಎಂದು ಪೇಪರಿನ ಹಿಂದೆ ಸೇರಿಕೊಂಡರು. ಟೇಪಿನ ಆ ತುದಿ ಹಿಡಿಯುವುದಕ್ಕೆ ನಾನೇ ಆದೆ. ಗೋಡೆಯ ಮೂಲೆಗೆ ಒತ್ತಿ ಹಿಡಿದು ಕೂತೆ. ಅಡುಗೆಮನೆಯ ಆ ಕೊನೆಯಿಂದ ಅವಳು ಕೂಗಿದಳು: "ಅಮ್ಮ, ಬಿಗಿಯಾಗಿ ಹಿಡಿ. ಎಳೀಬೇಡ."

"ಎಳೀತಿಲ್ವೇ."

"ಎಳೀತಿದ್ದೀಯ. ನಂಬರ್ ಜರುಗ್ತಿದೆ ನೋಡು. ಸುಮ್ನೆ ಹಿಡ್ಕೊಂಡಿರು ಸಾಕು."

ಹಾಗೆ ಹಿಡಿಯುವುದು ನನಗೆ ಬರಲಿಲ್ಲ. ಸಡಿಲ ಬಿಟ್ಟರೆ ಟೇಪು ಜೋತುಬೀಳುತ್ತಿತ್ತು, ಗಟ್ಟಿ ಮಾಡಿದರೆ ನನ್ನ ಕಡೆಗೇ ಬರುತ್ತಿತ್ತು. ಅವಳಿಗೆ ಬೇಸರವಾಗಲಿಲ್ಲ. "ಇನ್ನೊಂದ್ಸಲ" ಎಂದಳು, ಮತ್ತೆ "ಇನ್ನೊಂದ್ಸಲ" ಎಂದಳು. ಒಮ್ಮೆಯೂ ಬೇಗ ಅನ್ನಲಿಲ್ಲ. ಕೊನೆಗೆ ಅಳತೆ ಸೇರಿತು. ಮೇಲೇಳುವಾಗ ಬೆನ್ನು ನಿಜವಾಗಿಯೂ ಹಿಡಿದುಕೊಂಡಿತು. ಇದನ್ನು ಓದಿ ನೀನು ನಗುವುದು ನನಗೆ ಇಲ್ಲಿಗೇ ಕೇಳಿಸುತ್ತಿದೆ.

ಸಹಿ ಮಾಡಿದ್ದೇನೆ. ಅರ್ಜಿ ಇದರ ಜೊತೆಗಿದೆ. ಅಂಗಡಿಯ ಪಾಲು ನನ್ನದಾಗಿಯೇ ಉಳಿಯುತ್ತದೆ.

ಹೊಟ್ಟೆಕಿಚ್ಚು ಹೋಯಿತೇ ಎಂದು ನೀನು ಕೇಳಬಹುದು. ಇಲ್ಲ. ಬೆಳಗ್ಗೆ ಎದ್ದ ಕೂಡಲೇ ಅವಳ ಮುಖ ನೋಡುವವಳು ನೀನು. ಜ್ವರ ಬಂದರೆ ಹಣೆ ಮುಟ್ಟುವವಳು ನೀನು. ನಾನು ಇಲ್ಲಿಂದ ಮಾತ್ರೆಯ ಹೆಸರು ಹೇಳಬಹುದು, ಅಷ್ಟೆ. ಅವಳಿಗೆ ಡ್ರೈವಿಂಗ್ ಪೂರ್ತಿ ಕಲಿಸಿಬಿಡಬೇಡ, ಗಾಡಿ ಹಿಂದಕ್ಕೆ ತೆಗೆಯುವುದನ್ನು ನನಗೆ ಬಿಡು. ಪಕ್ಕದಲ್ಲಿ ಕೂತು ಸುಮ್ಮನಿರುವುದನ್ನು ಅಷ್ಟರಲ್ಲಿ ಕಲಿತುಕೊಳ್ಳುತ್ತೇನೆ. ಡಬ್ಬಿಗಳನ್ನು ಅವಳು ಇಟ್ಟ ಹಾಗೇ ಇಟ್ಟಿರು. ಇನ್ನು ಆ ಹೆಸರು. ಕರೆದುಕೋ. ನಿನ್ನೆ ಟೇಪು ಸುತ್ತುವಾಗ ನಾನೂ ಒಮ್ಮೆ ಕರೆದು ನೋಡಿದೆ. "ನೀನು ಹೇಳಿದರೆ ಬೈದ ಹಾಗಿರುತ್ತಮ್ಮ" ಎಂದಳು. ಆದರೂ ನಕ್ಕಳು.

ಈ ಕಾಗದವನ್ನು ಎರಡು ಸಲ ಓದಿದ್ದೇನೆ. ಮೂರನೆಯ ಸಲ ಓದಿದರೆ ಏನಾದರೊಂದನ್ನು ಹೊಡೆದುಹಾಕುತ್ತೇನೆ, ಸಹಿಯನ್ನೇ ಹೊಡೆದುಹಾಕಿದರೂ ಹಾಕಿದೆ. ಅದಕ್ಕೇ ಲಕೋಟೆ ಅಂಟಿಸಿಬಿಡುತ್ತಿದ್ದೇನೆ.

ನಿನ್ನ,
ಅಕ್ಕ

ಅಂಚೆಗೆ ಹಾಕುವುದು: ನಾಳೆ, ಜೂನ್ 9, ಅಂಗಡಿ ತೆರೆಯುವ ಮೊದಲು.